ಕಾಗದ ಈಗ ಯಾರ ಮೇಜಿನ ಮೇಲಿದೆ?

ಓದುಗರ ಪ್ರಶ್ನೆಗಳಿಗೆ ನಿವೃತ್ತ ಶಿರಸ್ತೇದಾರರೊಬ್ಬರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಕೇಳಿವೆ: ಪೊಲೀಸ್ ಠಾಣೆಯಿಂದ, ಕೋರ್ಟಿನಿಂದ ಕಾಗದ ತೆಗೆಸುವುದು ಹೇಗೆ? ನಾನು ನೌಕರಿ ಮಾಡಿದ್ದೇ ಆ ಕಾಗದಗಳ ನಡುವೆ. ತಾಲ್ಲೂಕು ಕೋರ್ಟುಗಳ ನಕಲು ಶಾಖೆ, ರೆಕಾರ್ಡ್ ರೂಮು, ಕೊನೆಗೆ ಶಿರಸ್ತೇದಾರ್ ಕುರ್ಚಿ. ಹಾಗಾಗಿ ಈ ಕಂತು ಪೂರ್ತಿ ಇದಕ್ಕೇ ಇರಲಿ. ನಾನು ವಕೀಲೆಯಲ್ಲ. ಕೇಸು ಗೆಲ್ಲುತ್ತದಾ ಅಂತ ಕೇಳಬೇಡಿ. ಕಾಗದ ಎಲ್ಲಿರುತ್ತದೆ, ಯಾರನ್ನು ಕೇಳಬೇಕು, ಏನಂತ ಬರೆದು ಕೇಳಬೇಕು, ಅಷ್ಟು ಹೇಳಬಲ್ಲೆ.

ಪ್ರಶ್ನೆ: ಮೇಡಂ, ನಮ್ಮ ತಾತನಿಗೂ ಅವರ ಅಣ್ಣನಿಗೂ 1972ರ ಸುಮಾರಿನಲ್ಲಿ ಪಾಲಿನ ಕೇಸು ನಡೆದು ಡಿಕ್ರಿ ಆಗಿದೆಯಂತೆ. ನಂಬರ್ ಯಾರಿಗೂ ಗೊತ್ತಿಲ್ಲ. ಈಗ ದೊಡ್ಡ ತಾತನ ಮೊಮ್ಮಕ್ಕಳು ಅಂಥ ಡಿಕ್ರಿಯೇ ಇಲ್ಲ ಅನ್ನುತ್ತಿದ್ದಾರೆ. ಕೋರ್ಟಿಗೆ ಹೋದರೆ ನಂಬರ್ ತನ್ನಿ ಅಂತಾರೆ. ಏನು ಮಾಡಲಿ?
ರೈತರು, ಗುಂಡ್ಲುಪೇಟೆ ತಾಲ್ಲೂಕು

ಉತ್ತರ: ನಂಬರ್ ಕೇಳುವುದು ಗುಮಾಸ್ತರ ಸೊಕ್ಕು ಅಂದುಕೊಳ್ಳಬೇಡಿ. ರೆಕಾರ್ಡ್ ರೂಮಿನಲ್ಲಿ ಕಟ್ಟುಗಳನ್ನು ಜೋಡಿಸಿರುವುದು ವರ್ಷ ಮತ್ತು ನಂಬರಿನ ಲೆಕ್ಕದಲ್ಲಿ. ತಾತನ ಹೆಸರು ಹೇಳಿದರೆ ಹುಡುಕುವವರು ಎಲ್ಲಿಂದ ಶುರು ಮಾಡಬೇಕು? ಕಂಪ್ಯೂಟರಿನಲ್ಲಿ ನೋಡೋಣ ಅಂದರೆ, ಅಷ್ಟು ಹಳೆಯ ಕೇಸುಗಳು ಕೋರ್ಟುಗಳ ಕೇಸಿನ ವಿವರ ತೋರಿಸುವ ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ.

ಆದರೆ ಜಮೀನಿನ ಕೇಸಿಗೆ ಒಂದು ಅನುಕೂಲ ಇದೆ. ಡಿಕ್ರಿಯ, ಅಂದರೆ ತೀರ್ಪಿನ ಮೇಲೆ ಕೋರ್ಟು ಬರೆಯುವ ಆದೇಶದ ಪ್ರಕಾರ ಖಾತೆ ಬದಲಾಗಬೇಕಾದರೆ ಅದು ತಾಲ್ಲೂಕು ಕಚೇರಿಗೆ ಹೋಗಲೇಬೇಕು. ಹೋದಲ್ಲಿ ಗುರುತು ಬಿಟ್ಟೇ ಬಿಟ್ಟಿರುತ್ತದೆ. ಆದ್ದರಿಂದ ಕೋರ್ಟನ್ನು ಸದ್ಯಕ್ಕೆ ಮರೆತು ಪಹಣಿ ಹಿಡಿಯಿರಿ. ಈಗಿನ ಕಂಪ್ಯೂಟರ್ ಪಹಣಿ ಸಾಲದು, ಕೈಬರಹದ್ದು ಬೇಕು. ಪಹಣಿ ಕಂಪ್ಯೂಟರಿಗೆ ಏರಿದ್ದು 2000ದ ಆಸುಪಾಸಿನಲ್ಲಿ, ಭೂಮಿ ಯೋಜನೆಯಲ್ಲಿ. ಅದಕ್ಕೂ ಹಿಂದಿನವು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿರುತ್ತವೆ. ಸರ್ವೆ ನಂಬರ್ ಬರೆದು, 1970ರಿಂದ ಮುಂದಿನ ಹತ್ತು ಹದಿನೈದು ವರ್ಷದ ಪಹಣಿ ನಕಲು ಬೇಕು ಅಂತ ಅರ್ಜಿ ಕೊಡಿ.

ಕೈಗೆ ಬಂದ ಮೇಲೆ ಎರಡು ಕಾಲಂ ನೋಡಿ. 9ನೆಯದರಲ್ಲಿ ಖಾತೆದಾರರ ಹೆಸರು. 10ನೆಯದರಲ್ಲಿ ಜಮೀನು ಅವರಿಗೆ ಹೇಗೆ ಬಂತು ಅನ್ನೋದು. ಯಾವ ವರ್ಷ ಒಂದೇ ಹೆಸರಿದ್ದ ಕಡೆ ಅಣ್ಣತಮ್ಮ ಇಬ್ಬರ ಹೆಸರು ಬೇರೆ ಬೇರೆ ಆಯಿತೋ, ಆ ವರ್ಷದ 10ನೇ ಕಾಲಂನಲ್ಲಿ ಎಂ.ಆರ್. ಅಂತ ಒಂದು ನಂಬರ್ ಇರುತ್ತದೆ. ಅದು ಖಾತೆ ಬದಲಾವಣೆ ಬರೆಯುವ ಮ್ಯುಟೇಶನ್ ರಿಜಿಸ್ಟರಿನ ನಂಬರ್. ಅದೇ ಕಚೇರಿಯಲ್ಲಿ ಆ ಎಂ.ಆರ್. ನಕಲು ತೆಗೆಸಿ. ‘ಮುನ್ಸೀಫ್ ಕೋರ್ಟ್, ಓ.ಎಸ್. ನಂಬರ್ ಇಷ್ಟು, ಇಂಥ ದಿನಾಂಕದ ಡಿಕ್ರಿ ಮೇರೆಗೆ’ ಅಂತ ಅದರಲ್ಲಿ ಒಂದು ಸಾಲು ಸಿಗುವ ಸಾಧ್ಯತೆ ತುಂಬಾ ಇದೆ. ಓ.ಎಸ್. ಅಂದರೆ ಮೂಲ ಸಿವಿಲ್ ದಾವೆ. ಇಷ್ಟು ಓಡಾಟ ಆ ಒಂದು ಸಾಲಿಗಾಗಿಯೇ. ಪಹಣಿಯಲ್ಲಿ ಶಾಯಿ ಹರಡಿ ಕಾಣದಿದ್ದರೆ ಐ.ಎಲ್. (ಇಂಡೆಕ್ಸ್ ಆಫ್ ಲ್ಯಾಂಡ್ಸ್) ಮತ್ತು ಆರ್.ಆರ್. (ರೆಕಾರ್ಡ್ ಆಫ್ ರೈಟ್ಸ್) ರಿಜಿಸ್ಟರಿನ ನಕಲೂ ಕೇಳಿ. ಹಳೇ ಮೈಸೂರು ಕಡೆಯ ಹಳೆಯ ಗುಮಾಸ್ತರಿಗೆ ಈ ಎರಡು ಹೆಸರು ಹೇಳಿದರೆ ಸಾಕು, ಯಾವ ಕಪಾಟು ಅಂತ ಗೊತ್ತಿರುತ್ತದೆ. ಉಪನೋಂದಣಿ ಕಚೇರಿಯಲ್ಲಿ ಆ ವರ್ಷಗಳ ಇ.ಸಿ.ಯನ್ನೂ (ಋಣಭಾರ ಪ್ರಮಾಣಪತ್ರ) ತೆಗೆಸಿ ನೋಡಬಹುದು. ಡಿಕ್ರಿ ಅಲ್ಲಿ ನೋಂದಣಿ ಆಗಿದ್ದರೆ ಬರುತ್ತದೆ.

ಇನ್ನು ಕೋರ್ಟಿಗೆ ಬನ್ನಿ. ಆಗಿನ ಮುನ್ಸೀಫ್ ಕೋರ್ಟೇ ಈಗಿನ ಸಿವಿಲ್ ನ್ಯಾಯಾಧೀಶರು ಮತ್ತು ಜೆ.ಎಂ.ಎಫ್.ಸಿ. (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟು. ಇನ್ನೊಂದು ವಿಷಯ ನಿಮ್ಮ ಕಡೆಯವರು ನೆನಪಿಡಬೇಕು. ಚಾಮರಾಜನಗರ ಜಿಲ್ಲೆ ಆಗಿದ್ದು 1997ರಲ್ಲಿ. ಅದಕ್ಕೆ ಮೊದಲು ನೀವು ಮೈಸೂರು ಜಿಲ್ಲೆ. ಆ ಡಿಕ್ರಿಯ ಮೇಲೆ ಆಗ ಅಪೀಲು ಹೋಗಿದ್ದರೆ ಆ ಕಡತ ಮೈಸೂರಿನಲ್ಲಿ ಇರಬಹುದು. ಹಾವೇರಿ, ಗದಗಿನವರು ಇದೇ ಲೆಕ್ಕದಲ್ಲಿ ಧಾರವಾಡ ನೋಡಬೇಕು, ಬಾಗಲಕೋಟೆಯವರು ವಿಜಯಪುರ, ಕೊಪ್ಪಳದವರು ರಾಯಚೂರು. ಇವೆಲ್ಲ ಅದೇ 1997ರಲ್ಲಿ ಬೇರೆಯಾದ ಜಿಲ್ಲೆಗಳು.

ಕಾಪಿ ಅರ್ಜಿಯಲ್ಲಿ ಏನು ಕೇಳಬೇಕು ಅನ್ನೋದರಲ್ಲೇ ಜಾಸ್ತಿ ಜನ ಎಡವುವುದು. ‘ಡಿಕ್ರಿ ಕಾಪಿ ಕೊಡಿ’ ಅಂತ ಬರೆದು ಹೋಗುತ್ತಾರೆ. ಪಾಲಿನ ಕೇಸಿನಲ್ಲಿ ಡಿಕ್ರಿ ಎರಡು. ಪ್ರಾಥಮಿಕ ಡಿಕ್ರಿಯಲ್ಲಿ ಯಾರಿಗೆ ಎಷ್ಟು ಭಾಗ ಅಂತ ಮಾತ್ರ ಇರುತ್ತದೆ. ಮೂಡಣ ಕಡೆಯದು ಯಾರಿಗೆ, ಬಾವಿ ಇರುವುದು ಯಾರಿಗೆ ಅನ್ನೋದು ಅಂತಿಮ ಡಿಕ್ರಿಯಲ್ಲಿ. ಅದಕ್ಕೆ ಎಫ್.ಡಿ.ಪಿ. (ಫೈನಲ್ ಡಿಕ್ರಿ ಪ್ರೊಸೀಡಿಂಗ್ಸ್) ಅಂತ ಬೇರೆಯೇ ನಂಬರ್ ಇರುತ್ತದೆ, ಎಷ್ಟೋ ಸಲ ವರ್ಷವೂ ಬೇರೆ. ಆದ್ದರಿಂದ ತೀರ್ಪು, ಪ್ರಾಥಮಿಕ ಡಿಕ್ರಿ, ಅಂತಿಮ ಡಿಕ್ರಿ, ಷೆಡ್ಯೂಲ್ (ಆಸ್ತಿ ಪಟ್ಟಿ) ಸಮೇತ ದಾವೆಯ ಪ್ರತಿ, ಕೋರ್ಟು ನೇಮಿಸಿದ ಕಮಿಷನರ್ ಮಾಡಿದ ನಕ್ಷೆ ಇದ್ದರೆ ಅದು, ಇಷ್ಟನ್ನೂ ಬಿಡಿಬಿಡಿಯಾಗಿ ಬರೆಯಿರಿ. ರಾಜಿ ಆಗಿ ಮುಗಿದಿದ್ದರೆ ರಾಜಿ ಅರ್ಜಿಯ ನಕಲು ಬಿಡಬೇಡಿ. ಯಾರಿಗೆ ಏನು ಅನ್ನೋ ವಿವರ ಅದರಲ್ಲೇ ಇರೋದು. ಕಂದಾಯ ಕಟ್ಟುವ ಜಮೀನಾದರೆ ಭಾಗ ಮಾಡಿಕೊಡುವ ಕೆಲಸ ಸಿ.ಪಿ.ಸಿ. (ಸಿವಿಲ್ ಪ್ರಕ್ರಿಯಾ ಸಂಹಿತೆ) ಕಲಂ 54ರ ಪ್ರಕಾರ ಕಂದಾಯ ಇಲಾಖೆಯದು. ಹಾಗಾಗಿ ಭಾಗದ ನಕ್ಷೆ ಕೋರ್ಟಿನಲ್ಲಿ ಇಲ್ಲದೆ ತಹಶೀಲ್ದಾರ್ ಕಚೇರಿಯಲ್ಲಿ ಇದ್ದರೂ ಆಶ್ಚರ್ಯ ಇಲ್ಲ.

ಒಂದು ವೇಳೆ ‘ಕಡತ ನಾಶ ಆಗಿದೆ’ ಅಂದರೆ? ಆಗಿರಲೂಬಹುದು. ಕೋರ್ಟಿನ ಎಲ್ಲ ಕಾಗದವನ್ನೂ ಎಂದೆಂದಿಗೂ ಇಡುವುದಿಲ್ಲ. ವಕಾಲತ್ತು, ಸಮನ್ಸು, ಚಿಲ್ಲರೆ ಅರ್ಜಿಗಳು ಮೊದಲು ಹೋಗುತ್ತವೆ. ಹೆಚ್ಚು ಕಾಲ ಉಳಿಸುವುದು ತೀರ್ಪು ಮತ್ತು ಡಿಕ್ರಿ. ಬಾಯಿಮಾತಿಗೆ ಎದ್ದು ಬರಬೇಡಿ. ಅರ್ಜಿಯ ಮೇಲೆ ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಬರೆಸಿಕೊಳ್ಳಿ. ಆ ಹಿಂಬರಹ ಇದ್ದರೆ ಮುಂದೆ ನಿಮ್ಮ ವಕೀಲರು ಬೇರೆ ಕಡೆಯ ನಕಲನ್ನು ಸಾಕ್ಷ್ಯವಾಗಿ ಹಾಜರುಪಡಿಸಲು ದಾರಿ ಆಗುತ್ತದೆ. ಜೊತೆಗೆ ದಾವೆ ರಿಜಿಸ್ಟರಿನ ಉದ್ಧೃತ ಭಾಗ ಕೇಳಿ. ಅಪೀಲು ಆಗಿದ್ದರೆ ಕೆಳಗಿನ ಕೋರ್ಟಿನ ಡಿಕ್ರಿಯ ಕಾಪಿ ಅಪೀಲಿನ ಕಟ್ಟಿನಲ್ಲಿ ಸೇರಿರುತ್ತದೆ. ಆಗೆಲ್ಲ ಅದನ್ನು ಲಗತ್ತಿಸದೆ ಅಪೀಲು ದಾಖಲಾಗುತ್ತಲೇ ಇರಲಿಲ್ಲ. ಆಗಿನ ವಕೀಲರ ಮನೆಯ ಅಟ್ಟವನ್ನೂ ಮರೆಯಬೇಡಿ. ಮಕ್ಕಳು ಅದೇ ವೃತ್ತಿಯಲ್ಲಿದ್ದರೆ ಹಳೇ ಫೈಲು ಎಸೆದಿರುವುದಿಲ್ಲ.

ಪ್ರಶ್ನೆ: ಊರ ಜಾತ್ರೆಯಲ್ಲಿ ಗಲಾಟೆ ಆಗಿ ಎಫ್‌ಐಆರ್ ಆಗಿದೆ. ನಾನು ಆ ದಿನ ಊರಲ್ಲಿದ್ದೆ, ಗಲಾಟೆಯಲ್ಲಿ ಇರಲಿಲ್ಲ. ನನ್ನ ಹೆಸರೂ ಇದೆ ಅಂತ ಯಾರೋ ಹೇಳುತ್ತಿದ್ದಾರೆ. ಠಾಣೆಗೆ ಹೋಗಿ ಕೇಳಿದರೆ ಅಲ್ಲೇ ಕೂರಿಸಿಕೊಳ್ಳುತ್ತಾರೆ ಅಂತ ಭಯ.
ಹೆಸರು ಬೇಡ, ಬೆಂಗಳೂರು (ಊರು ಹುಬ್ಬಳ್ಳಿ ಹತ್ತಿರ)

ಉತ್ತರ: ಠಾಣೆಗೆ ಹೋಗದೆಯೇ ನೋಡಬಹುದು. ಎಫ್‌ಐಆರ್ ದಾಖಲಾದ 24 ಗಂಟೆಯೊಳಗೆ ಪೊಲೀಸ್ ವೆಬ್‌ಸೈಟಿಗೆ ಹಾಕಬೇಕು ಅಂತ ಸುಪ್ರೀಂ ಕೋರ್ಟು 2016ರ ಸೆಪ್ಟೆಂಬರಿನಲ್ಲಿ ಹೇಳಿದೆ. ನೆಟ್‌ವರ್ಕ್ ತೊಂದರೆ ಇದ್ದರೆ ಸ್ವಲ್ಪ ರಿಯಾಯಿತಿ. ಕರ್ನಾಟಕ ಪೊಲೀಸರ ವೆಬ್‌ಸೈಟಿನಲ್ಲಿ ಜಿಲ್ಲೆ, ಠಾಣೆ, ವರ್ಷ ಆರಿಸಿ ಹುಡುಕುವ ಸೌಲಭ್ಯ ಇದೆ. ಲೈಂಗಿಕ ಅಪರಾಧ, ಪೋಕ್ಸೊ, ಭಯೋತ್ಪಾದನೆ ಇಂಥವನ್ನು ಮಾತ್ರ ಹಾಕುವುದಿಲ್ಲ. ಜಾತ್ರೆ ಗಲಾಟೆ ಆ ಪಟ್ಟಿಗೆ ಬರುವುದಿಲ್ಲ.

ಅಲ್ಲಿ ಸಿಗದಿದ್ದರೆ ಅದೇ ತೀರ್ಪಿನಲ್ಲಿ ಇನ್ನೊಂದು ದಾರಿ ಇದೆ. ತನ್ನ ಹೆಸರು ಎಫ್‌ಐಆರ್‌ನಲ್ಲಿ ಇರಬಹುದು ಅನ್ನಿಸಿದವನು ತಾನೇ ಹೋಗಬೇಕಿಲ್ಲ. ತನ್ನ ಪರವಾಗಿ ಬೇರೆಯವರ ಕೈಲಿ ಠಾಣೆಗೋ ಎಸ್‌ಪಿ ಕಚೇರಿಗೋ ಅರ್ಜಿ ಕೊಡಿಸಬಹುದು. ಶುಲ್ಕ ಕಟ್ಟಿದರೆ 24 ಗಂಟೆಯೊಳಗೆ ಪ್ರತಿ ಕೊಡಬೇಕು. ಎಫ್‌ಐಆರ್ ಮ್ಯಾಜಿಸ್ಟ್ರೇಟರಿಗೆ ತಲುಪಿದ ಮೇಲೆ ಕೋರ್ಟಿನಲ್ಲೂ ಅರ್ಜಿ ಹಾಕಬಹುದು, ಅಲ್ಲಿ ಎರಡು ಕೆಲಸದ ದಿನ. ನನ್ನ ಅನುಭವದಲ್ಲಿ ಇದು ಎಲ್ಲಕ್ಕಿಂತ ಸಲೀಸು. ಕೋರ್ಟ್ ಪಿಸಿ ಅಂತ ಒಬ್ಬರಿರುತ್ತಾರೆ, ಠಾಣೆಯಿಂದ ಕೋರ್ಟಿಗೆ ಕಾಗದ ತಂದು ಹಾಕುವವರು. ಯಾವ ಎಫ್‌ಐಆರ್ ಬಂತು, ಯಾವುದು ಬರಲಿಲ್ಲ ಅಂತ ಆ ಆವರಣದಲ್ಲಿ ಅವರಷ್ಟು ಚೆನ್ನಾಗಿ ಯಾರಿಗೂ ಗೊತ್ತಿರುವುದಿಲ್ಲ. ನಿಮ್ಮ ವಕೀಲರಿಗೆ ಅವರ ಪರಿಚಯ ಇದ್ದೇ ಇರುತ್ತದೆ.

ಎಫ್‌ಐಆರ್ ಸಿಕ್ಕ ಮೇಲೆ ನಿಮ್ಮ ಹೆಸರಿಲ್ಲ ಅಂತ ಖುಷಿಪಟ್ಟು ಸುಮ್ನೆ ಆಗಬೇಡಿ. ಕೊನೆಯ ಸಾಲು ಓದಿ. ‘ಮತ್ತು ಇತರರು’ ಅಂತ ಇದೆಯಾ? ಇದ್ದರೆ ತನಿಖೆಯಲ್ಲಿ ಹೆಸರು ಸೇರಬಹುದು. ಆ ‘ಇತರರು’ ಇರುವ ಎಫ್‌ಐಆರ್ ಹಿಡಿದುಕೊಂಡೇ ವಕೀಲರ ಹತ್ತಿರ ಹೋಗಿ. ನಿರೀಕ್ಷಣಾ ಜಾಮೀನು ಬೇಕೋ ಬೇಡವೋ ಅವರು ಹೇಳುತ್ತಾರೆ.

ದೂರು ಕೊಟ್ಟವರು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. ನಿಮಗೆ ಎಫ್‌ಐಆರ್ ಪ್ರತಿ ಉಚಿತ, ಅಲ್ಲೇ, ಆಗಲೇ. 2024ರ ಜುಲೈ 1ರಿಂದ ಜಾರಿಗೆ ಬಂದ ಬಿ.ಎನ್.ಎಸ್.ಎಸ್. (ಹೊಸ ಕ್ರಿಮಿನಲ್ ಪ್ರಕ್ರಿಯಾ ಕಾಯ್ದೆ) ಕಲಂ 173 ಸಂತ್ರಸ್ತರಿಗೂ ಈ ಹಕ್ಕು ಕೊಟ್ಟಿದೆ. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ನಿಮಗೆ ತಿಳಿಸುವುದೂ ಪೊಲೀಸರ ಕೆಲಸ. ‘ನಾಳೆ ಬನ್ನಿ, ರೈಟರ್ ಇಲ್ಲ’ ಅಂದರೆ ಇವನ್ನು ನೆನಪಿಸಿ.

ಪ್ರಶ್ನೆ: ಮಗಳಿಗೆ ಒಂದು ಸಂಬಂಧ ಬಂದಿದೆ. ಹುಡುಗನಿಗೆ ಮೊದಲೇ ಮದುವೆ ಆಗಿ ಕೇಸು ನಡೆದಿತ್ತು ಅಂತ ಯಾರೋ ಕಿವಿಗೆ ಹಾಕಿದ್ದಾರೆ. ಕೋರ್ಟಿನಲ್ಲಿ ವಿಚಾರಿಸಿದರೆ ಗೊತ್ತಾಗುತ್ತದಾ?
ಒಬ್ಬ ತಾಯಿ, ದಾವಣಗೆರೆ

ಉತ್ತರ: ಸ್ವಲ್ಪ ಮಟ್ಟಿಗೆ ಗೊತ್ತಾಗುತ್ತದೆ ಅಮ್ಮ. ಪೂರ್ತಿ ಗೊತ್ತಾಗುವುದಿಲ್ಲ.

ಇ-ಕೋರ್ಟ್ಸ್ ವೆಬ್‌ಸೈಟ್ ಅಥವಾ ಆ್ಯಪ್ ತೆಗೆಯಿರಿ. ರಾಜ್ಯ, ಜಿಲ್ಲೆ, ಕೋರ್ಟ್ ಆವರಣ ಆರಿಸಿ, ಕಕ್ಷಿದಾರರ ಹೆಸರಿನಲ್ಲಿ ಹುಡುಕುವ ಜಾಗಕ್ಕೆ ಹೋಗಿ. ಕನಿಷ್ಠ ಮೂರು ಅಕ್ಷರ ಹಾಕಬೇಕು, ವರ್ಷವನ್ನೂ ಹಾಕಬೇಕು. ಹೀಗೆ ಒಂದೊಂದೇ ವರ್ಷ ನೋಡಿಕೊಂಡು ಬನ್ನಿ. ಬಾಕಿ ಇರುವುದು, ಮುಗಿದದ್ದು ಎರಡನ್ನೂ. ಹೆಸರು ಇಂಗ್ಲಿಷಿನಲ್ಲಿ ಇರುವುದರಿಂದ ಒಂದು ತಾಪತ್ರಯ. ಮಂಜುನಾಥ ಅನ್ನೋದಕ್ಕೆ ಒಬ್ಬರು ಕೊನೆಗೆ ‘ಎ’ ಸೇರಿಸುತ್ತಾರೆ, ಒಬ್ಬರು ಬಿಡುತ್ತಾರೆ. ಬಸವರಾಜ ‘ಬಸು’ ಎಂದೂ ಇರಬಹುದು. ಪೂರ್ತಿ ಹೆಸರು ಹಾಕುವ ಬದಲು ಮೊದಲ ನಾಲ್ಕೈದು ಅಕ್ಷರ ಹಾಕಿ, ಬಂದ ಪಟ್ಟಿಯಲ್ಲಿ ತಂದೆಯ ಹೆಸರು, ಊರು ಹೊಂದುತ್ತದಾ ನೋಡಿ. ಹುಡುಗನ ಸ್ವಂತ ಊರಿನ ಜೊತೆ ಕೆಲಸ ಮಾಡುವ ಊರಿನ ಕೋರ್ಟನ್ನೂ ನೋಡಬೇಕು. ಹೆಂಡತಿ ಕೇಸು ಹಾಕುವುದು ಹೆಚ್ಚಾಗಿ ತನ್ನ ತವರಿನ ಊರಿನಲ್ಲಿ, ಅದು ಯಾವ ಊರು ಅಂತ ನಿಮಗೆ ಗೊತ್ತಿರಲಿಕ್ಕಿಲ್ಲ. ಇಲ್ಲೇ ಹುಡುಕಾಟ ಸೋಲುವುದು.

ಪಟ್ಟಿಯಲ್ಲಿ ‘ಎಂ.ಸಿ.’ ಅಂತ ಶುರುವಾದರೆ ವಿಚ್ಛೇದನ ಇಂಥ ವೈವಾಹಿಕ ಅರ್ಜಿ. ‘ಸಿ.ಸಿ.’ ಅಂದರೆ ಪೊಲೀಸರು ದೋಷಾರೋಪ ಪಟ್ಟಿ ಹಾಕಿದ ಕ್ರಿಮಿನಲ್ ಕೇಸು ಇರಬಹುದು, ಚೆಕ್ ಬೌನ್ಸ್ ಕೇಸೂ ಇರಬಹುದು. ಅದನ್ನು ನೋಡಿ ಗಾಬರಿ ಆಗುವ ಮೊದಲು ಯಾವ ಕಾಯ್ದೆ ಅಂತ ನೋಡಿ. ಹಿಂದೂ ವಿವಾಹ ಕಾಯ್ದೆಯ ಕಲಂ 22ರ ಪ್ರಕಾರ ವೈವಾಹಿಕ ಕೇಸುಗಳ ವಿವರ ಬಹಿರಂಗ ಮಾಡುವಂತಿಲ್ಲ. ಅದಕ್ಕೇ ಎಷ್ಟೋ ಕಡೆ ಒಳಗಿನ ಆದೇಶ ತೆರೆಯುವುದಿಲ್ಲ. ಸಂಬಂಧವಿಲ್ಲದ ನಿಮಗೆ ಕೋರ್ಟು ಅದರ ಕಾಪಿಯನ್ನೂ ಕೊಡುವುದಿಲ್ಲ, ಕೊಡಬಾರದು ಕೂಡ. ನಿಮ್ಮ ಮಗಳ ಕಾಗದ ಬೇರೆಯವರ ಕೈಗೆ ಹೋದರೆ ನಿಮಗೆ ಹೇಗಾಗುತ್ತಿತ್ತು?

ನಾನಾಗಿದ್ದರೆ ಹುಡುಗನ ಮನೆಯವರನ್ನೇ ನೇರವಾಗಿ ಕೇಳುತ್ತಿದ್ದೆ. ವಿಚ್ಛೇದನ ಆಗಿದ್ದರೆ ಡಿಕ್ರಿಯ ದೃಢೀಕೃತ ನಕಲು ಅವರ ಹತ್ತಿರ ಇರಲೇಬೇಕು. ಎರಡನೇ ಮದುವೆಗೆ ಅವರಿಗೇ ಅದು ಬೇಕು. ಕೇಳಿದಾಗ ಸಹಜವಾಗಿ ತೋರಿಸುವ ಮನೆ ಯಾವುದು, ‘ನಮ್ಮ ಮೇಲೆ ನಂಬಿಕೆ ಇಲ್ವಾ’ ಅಂತ ಸಿಟ್ಟಾಗುವ ಮನೆ ಯಾವುದು ಅಂತ ನಿಮಗೇ ತಿಳಿಯುತ್ತದೆ.

ಪ್ರಶ್ನೆ: ನನ್ನ ಬೈಕ್ ಕಳುವಾಗಿ ಎಫ್‌ಐಆರ್ ಆಗಿದೆ. ಇನ್ಶೂರೆನ್ಸ್‌ನವರು ‘ಸಿ ರಿಪೋರ್ಟ್’ ತನ್ನಿ ಅಂತಾರೆ. ಠಾಣೆಯಲ್ಲಿ ‘ಕೋರ್ಟಿಗೆ ಕಳಿಸಿದ್ದೇವೆ’ ಅಂತಾರೆ.
ವಿದ್ಯಾರ್ಥಿ, ತುಮಕೂರು

ಉತ್ತರ: ಹುಡುಕಿದರೂ ಪತ್ತೆ ಆಗಲಿಲ್ಲ ಅಂತ ಪೊಲೀಸರು ಕೋರ್ಟಿಗೆ ಕೊಡುವ ವರದಿಯೇ ಸಿ ರಿಪೋರ್ಟ್. ಬಿ ರಿಪೋರ್ಟ್ ಬೇರೆ. ಅದು ಆರೋಪ ಸುಳ್ಳು ಅಥವಾ ಆಧಾರ ಇಲ್ಲ ಅನ್ನೋದು. ಅದು ಬಂದರೆ ದೂರುದಾರರಿಗೆ ಕೋರ್ಟಿನಿಂದ ನೋಟಿಸು ಬರಬೇಕು, ಒಪ್ಪದಿದ್ದರೆ ತಕರಾರು ಅರ್ಜಿ ಹಾಕಬಹುದು.

ಠಾಣೆಯವರು ಹೇಳಿದ್ದು ನಿಜ ಇದ್ದರೆ ಕಾಗದ ಈಗ ಕೋರ್ಟಿನ ಮೇಜಿನ ಮೇಲಿದೆ, ಠಾಣೆಗೆ ಮತ್ತೆ ಮತ್ತೆ ಹೋಗಿ ಪ್ರಯೋಜನ ಇಲ್ಲ. ಯಾವ ಕೋರ್ಟಿಗೆ, ಯಾವ ದಿನಾಂಕ ಕಳಿಸಿದ್ದು ಅಂತ ಮಾತ್ರ ಕೇಳಿಕೊಳ್ಳಿ. ಆ ಕೋರ್ಟಿನಲ್ಲಿ ಠಾಣೆಯ ಹೆಸರು, ಅಪರಾಧ ಸಂಖ್ಯೆ (ಎಫ್‌ಐಆರ್ ನಂಬರ್), ವರ್ಷ ಹಾಕಿ ಕಾಪಿ ಅರ್ಜಿ ಕೊಡಿ. ಸಿ ರಿಪೋರ್ಟ್ ಒಂದೇ ಕೇಳಬೇಡಿ, ಅದನ್ನು ಒಪ್ಪಿಕೊಂಡ ಕೋರ್ಟಿನ ಆದೇಶವನ್ನೂ ಕೇಳಿ. ಆದೇಶ ಇಲ್ಲದ ವರದಿಯನ್ನು ಇನ್ಶೂರೆನ್ಸ್‌ನವರು ವಾಪಸ್ ಕಳಿಸಬಹುದು.

ಪ್ರಶ್ನೆ: ನಮ್ಮ ತಂದೆ ತೋಟದಲ್ಲಿ ಹಾವು ಕಚ್ಚಿ ತೀರಿಕೊಂಡರು. ವಿಮೆಯವರು ಪೊಲೀಸ್ ಅಂತಿಮ ವರದಿ ಕೇಳುತ್ತಿದ್ದಾರೆ. ಕೋರ್ಟಿನಲ್ಲಿ ವಿಚಾರಿಸಿದರೆ ಇಲ್ಲಿಗೆ ಬಂದೇ ಇಲ್ಲ ಅಂದರು. ಫೈಲ್ ಕಳೆದುಹೋಗಿದೆಯಾ?
ಓದುಗರು, ತೀರ್ಥಹಳ್ಳಿ

ಉತ್ತರ: ಕಳೆದಿಲ್ಲ. ಅದು ಕೋರ್ಟಿಗೆ ಬರುವ ಕಾಗದವೇ ಅಲ್ಲ. ಹಾವು ಕಚ್ಚಿ, ಮರದಿಂದ ಬಿದ್ದು, ನೀರಿಗೆ ಬಿದ್ದು ಸತ್ತರೆ, ಬೇರೆಯವರ ಕೈವಾಡದ ಅನುಮಾನ ಇಲ್ಲದಿದ್ದರೆ, ಠಾಣೆಯಲ್ಲಿ ಯು.ಡಿ.ಆರ್. ಅಂತ ದಾಖಲಾಗುತ್ತದೆ. ಅಸಹಜ ಸಾವಿನ ವರದಿ. ಅಪರಾಧ ಸಂಖ್ಯೆ ಇರುವುದಿಲ್ಲ, ಯು.ಡಿ.ಆರ್. ನಂಬರ್ ಇರುತ್ತದೆ. ಇದರ ಕಡತ ಹೋಗುವುದು ನ್ಯಾಯಾಧೀಶರ ಹತ್ತಿರಕ್ಕಲ್ಲ, ಕಂದಾಯ ಇಲಾಖೆಯಲ್ಲಿ ಮ್ಯಾಜಿಸ್ಟ್ರೇಟ್ ಅಧಿಕಾರ ಇರುವವರ ಹತ್ತಿರಕ್ಕೆ. ಕಾಯ್ದೆ ಹೇಳುವುದು ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿ ಅಂತ. ಯಾವ ಕಚೇರಿಗೆ, ಯಾವ ದಿನಾಂಕ ಕಳಿಸಿದ್ದು ಅಂತ ಠಾಣೆಯ ರೈಟರ್ ರಿಜಿಸ್ಟರ್ ನೋಡಿ ಹೇಳುತ್ತಾರೆ. ಆ ಕಚೇರಿಯಲ್ಲಿ ನಕಲಿಗೆ ಅರ್ಜಿ ಕೊಡಿ.

ಅಂತಿಮ ವರದಿಯೇ ಇನ್ನೂ ಆಗಿಲ್ಲ ಅಂದರೆ ಕಾರಣ ಕೇಳಿ. ಹಾವು ಕಡಿತದಲ್ಲಿ ವೈದ್ಯರು ಒಳಾಂಗದ ತುಣುಕುಗಳನ್ನು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಿರುತ್ತಾರೆ. ಅಲ್ಲಿಂದ ವರದಿ ಬಂದು, ವೈದ್ಯರು ಸಾವಿನ ಕಾರಣದ ಬಗ್ಗೆ ಅಂತಿಮ ಅಭಿಪ್ರಾಯ ಬರೆದು, ಆಮೇಲೆ ಪೊಲೀಸರು ಮುಗಿಸುವುದು. ಈ ಸರಪಳಿಯಲ್ಲಿ ಎಲ್ಲಿ ನಿಂತಿದೆ ಅಂತ ಗೊತ್ತಾದರೆ ಅಲ್ಲಿಗೇ ಹೋಗಬಹುದು. ಲ್ಯಾಬ್ ವರದಿ ಠಾಣೆಗೆ ಬಂದಿರುತ್ತದೆ, ಅದನ್ನು ಡಾಕ್ಟರಿಗೆ ತಲುಪಿಸಿಯೇ ಇರುವುದಿಲ್ಲ. ಇಂಥದ್ದು ಬೇಕಾದಷ್ಟು ನಡೆಯುತ್ತದೆ.

ಅಷ್ಟರೊಳಗೆ ಯು.ಡಿ.ಆರ್. ಪ್ರತಿ, ಶವ ಪಂಚನಾಮೆ, ಮರಣೋತ್ತರ ಪರೀಕ್ಷೆ ವರದಿ ತೆಗೆಸಿ ವಿಮೆಯವರಿಗೆ ಕೊಟ್ಟು, ಉಳಿದದ್ದು ಬಾಕಿ ಇದೆ ಅಂತ ಪತ್ರ ಬರೆದು ಸ್ವೀಕೃತಿ ಪಡೆಯಿರಿ. ಕ್ಲೈಮ್ ತಡವಾಗಿ ಕೊಟ್ಟಿರಿ ಅಂತ ಆಮೇಲೆ ತಕರಾರು ತೆಗೆಯದ ಹಾಗೆ. ತಂದೆಯವರು ಕೃಷಿಕರಾಗಿದ್ದರೆ ಹಾವು ಕಡಿತದ ಪರಿಹಾರದ ಬಗ್ಗೆ ರೈತ ಸಂಪರ್ಕ ಕೇಂದ್ರದಲ್ಲಿಯೂ ವಿಚಾರಿಸಿ. ಅಲ್ಲಿ ಕೇಳುವುದೂ ಇವೇ ಕಾಗದ. ಅದಕ್ಕೇ ನಕಲು ತೆಗೆಸುವಾಗಲೇ ಎರಡು ಸೆಟ್ ತೆಗೆಸಿ.

ಪ್ರಶ್ನೆ: ಕೋರ್ಟಿನ ಕೇಸಿನ ದಾಖಲೆಗಾಗಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ತಿರಸ್ಕರಿಸಿದ್ದಾರೆ. ಇದು ಮಾಹಿತಿ ಹಕ್ಕು ಕಾಯ್ದೆಯ ಉಲ್ಲಂಘನೆ ಅಲ್ವಾ?
ಸಾಮಾಜಿಕ ಕಾರ್ಯಕರ್ತರು, ಕಲಬುರಗಿ

ಉತ್ತರ: ಅಲ್ಲ ಸರ್. ಕೇಸಿನ ಕಡತದ ನಕಲು ಬೇಕಾದರೆ ಕೋರ್ಟಿನ ನಿಯಮದ ಪ್ರಕಾರ ಕಾಪಿ ಅರ್ಜಿಯನ್ನೇ ಹಾಕಬೇಕು, ಮಾಹಿತಿ ಹಕ್ಕು ಆ ದಾರಿಗೆ ಬದಲಿ ಅಲ್ಲ ಅಂತ ಸುಪ್ರೀಂ ಕೋರ್ಟು 2020ರ ಮಾರ್ಚಿನಲ್ಲಿ ಗುಜರಾತ್ ಹೈಕೋರ್ಟಿನ ಪ್ರಕರಣವೊಂದರಲ್ಲಿ ಹೇಳಿದೆ. ನೀವು ಆ ಕೇಸಿನ ಕಕ್ಷಿದಾರರಲ್ಲದಿದ್ದರೆ, ಯಾಕೆ ಬೇಕು ಅಂತ ಪ್ರಮಾಣಪತ್ರ ಸಮೇತ ಅರ್ಜಿ ಹಾಕಿ, ನ್ಯಾಯಾಧೀಶರ ಆದೇಶ ಪಡೆಯಬೇಕಾಗುತ್ತದೆ. ದೋಷಾರೋಪ ಪಟ್ಟಿಯೂ ಎಲ್ಲರಿಗೂ ಸಿಗುವ ಕಾಗದ ಅಲ್ಲ. ಅದನ್ನು ವೆಬ್‌ಸೈಟಿಗೆ ಹಾಕಬೇಕು ಅನ್ನೋ ಬೇಡಿಕೆಯನ್ನು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಆರೋಪಿಗೆ ಮಾತ್ರ ಅದು ಉಚಿತವಾಗಿ ಸಿಗಲೇಬೇಕು. ಈಗ ವಕೀಲರನ್ನು ಇಟ್ಟುಕೊಂಡ ಸಂತ್ರ‌ಸ್ತರಿಗೂ.

ಮಾಹಿತಿ ಹಕ್ಕು ಕೆಲಸಕ್ಕೆ ಬರುವುದು ಠಾಣೆಯಲ್ಲಿ. ದೂರು ಕೊಟ್ಟೂ ಎಫ್‌ಐಆರ್ ಆಗದಿದ್ದರೆ ‘ಇಂಥ ದಿನಾಂಕದ ನನ್ನ ಅರ್ಜಿಯ ಮೇಲೆ ತೆಗೆದುಕೊಂಡ ಕ್ರಮದ ದಾಖಲೆ ಮತ್ತು ಹಿಂಬರಹದ ಪ್ರತಿ’ ಅಂತ ಕೇಳಿ. ‘ಯಾಕೆ ಕ್ರಮ ತೆಗೆದುಕೊಂಡಿಲ್ಲ?’ ಅಂತ ಕೇಳಿದರೆ ಉತ್ತರ ಬರುವುದಿಲ್ಲ. ಅದು ಪ್ರಶ್ನೆ, ದಾಖಲೆ ಅಲ್ಲ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಶುಲ್ಕ 10 ರೂಪಾಯಿ, ಪುಟಕ್ಕೆ 2 ರೂಪಾಯಿ. ಬಿಪಿಎಲ್ ಕಾರ್ಡಿನ ಪ್ರತಿ ಲಗತ್ತಿಸಿದರೆ ಅರ್ಜಿ ಶುಲ್ಕ ಇಲ್ಲ. 30 ದಿನದೊಳಗೆ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ತನಿಖೆ ನಡೆಯುತ್ತಿರುವ ಕೇಸಿನ ವಿವರವನ್ನು ಕಲಂ 8ರ ಅಡಿ ನಿರಾಕರಿಸಬಹುದು, ಆದರೆ ಸುಮ್ನೆ ‘ತನಿಖೆ ನಡೆಯುತ್ತಿದೆ’ ಅಂದರೆ ಸಾಲದು. ಕೊಟ್ಟರೆ ತನಿಖೆಗೆ ಹೇಗೆ ಅಡ್ಡಿ ಆಗುತ್ತದೆ ಅಂತ ಹೇಳಬೇಕು. ಮೇಲ್ಮನವಿಯಲ್ಲಿ ಈ ಅಂಶ ಎತ್ತಿ.

ಪ್ರಶ್ನೆ: ಮಸ್ಕತ್‌ನಲ್ಲಿದ್ದೇನೆ. ಹೊಸ ಕೆಲಸಕ್ಕೆ ಪೊಲೀಸ್ ಕ್ಲಿಯರೆನ್ಸ್ ಬೇಕಂತೆ. 2013ರಲ್ಲಿ ಕುಂದಾಪುರದಲ್ಲಿ ಒಂದು ಹೊಡೆದಾಟದ ಕೇಸಿನಲ್ಲಿ ಖುಲಾಸೆ ಆಗಿದೆ. ಅದು ಅಡ್ಡ ಬರುತ್ತದಾ?
ಓದುಗರು, ಒಮಾನ್

ಉತ್ತರ: ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಮೂಲಕ ಅರ್ಜಿ ಹಾಕಿ. ಊರಿನಲ್ಲಿದ್ದಾಗ ಹಾಕುವುದಾದರೆ ಪಾಸ್‌ಪೋರ್ಟ್ ಸೇವಾ ವೆಬ್‌ಸೈಟಿನಲ್ಲಿ, ಶುಲ್ಕ 500 ರೂಪಾಯಿ. ಸೇವಾ ಸಿಂಧುವಿನಲ್ಲಿ ಸಿಗುವ ಪೊಲೀಸ್ ಪರಿಶೀಲನಾ ಪ್ರಮಾಣಪತ್ರ ಬೇರೆ, ಅದು ಇಲ್ಲಿನ ಕೆಲಸಗಳಿಗೆ.

ಖುಲಾಸೆ ಆಗಿದ್ದರೂ ಠಾಣೆಯ ಪುಸ್ತಕದಲ್ಲಿ ಕೇಸು ಬಾಕಿ ಅಂತಲೇ ಉಳಿದಿರುವುದುಂಟು. ತೀರ್ಪು ಆದದ್ದನ್ನು ಯಾರೂ ಅಲ್ಲಿ ಬರೆದುಕೊಂಡಿರುವುದಿಲ್ಲ. ಅದಕ್ಕೆ ಮೊದಲು ತೀರ್ಪಿನ ದೃಢೀಕೃತ ನಕಲು ತೆಗೆಸಿ. ಆಗ ಕೇಸು ನಡೆಸಿದ ವಕೀಲರೇ ನಿಮ್ಮ ಪರವಾಗಿ ಅರ್ಜಿ ಹಾಕಬಹುದು. ಸಿ.ಸಿ. ನಂಬರ್ ಮರೆತಿದ್ದರೆ ಠಾಣೆಯ ಅಪರಾಧ ಸಂಖ್ಯೆ ಹಾಕಿ ಇ-ಕೋರ್ಟ್ಸ್‌ನಲ್ಲಿ ಎಫ್‌ಐಆರ್ ನಂಬರಿನಿಂದ ಹುಡುಕಿ. 16 ಅಂಕಿ-ಅಕ್ಷರದ ಸಿ.ಎನ್.ಆರ್., ಅಂದರೆ ಆ ಕೇಸಿಗೊಂದೇ ಇರುವ ಗುರುತಿನ ನಂಬರ್, ಸಿಕ್ಕರೆ ಮುಂದಿನದು ಸುಲಭ. ಒಂದು ನಕಲನ್ನು ಠಾಣೆಗೆ, ಒಂದನ್ನು ಎಸ್‌ಪಿ ಕಚೇರಿಗೆ ಮನೆಯವರ ಕೈಲಿ ಕೊಡಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ಆಮೇಲೆ ಅರ್ಜಿ. ಅರ್ಜಿಯಲ್ಲಿ ಕೇಸಿನ ವಿಷಯ ಮುಚ್ಚಿಡಬೇಡಿ. ಕೇಸು ಇದ್ದದ್ದಕ್ಕಿಂತ ಮುಚ್ಚಿಟ್ಟದ್ದೇ ಹೆಚ್ಚು ತೊಂದರೆ ಕೊಡುತ್ತದೆ.

ಪ್ರಶ್ನೆ: ತೀರ್ಪಿನ ಕಾಪಿ ಕೈಗೆ ಬರುವಷ್ಟರಲ್ಲಿ 30 ದಿನ ಮೀರಿತ್ತು. ಅಪೀಲು ಹಾಕಲು ಬರುವುದಿಲ್ಲವೇ? ಇನ್ನೊಂದು, ಬೇಗ ಕೊಡಬೇಕಾದರೆ ‘ಮಾಮೂಲು’ ಎಷ್ಟು?
ಓದುಗರು, ಅರಸೀಕೆರೆ

ಉತ್ತರ: ನಕಲಿನ ಕೊನೆಯ ಪುಟ ತಿರುಗಿಸಿ. ಒಂದು ಮುದ್ರೆ ಇರುತ್ತದೆ, ಅದರೊಳಗೆ ಕೈಯಲ್ಲಿ ತುಂಬಿದ ದಿನಾಂಕಗಳು: ಅರ್ಜಿ ಕೊಟ್ಟದ್ದು, ಶುಲ್ಕ ಎಷ್ಟು ಅಂತ ಪ್ರಕಟಿಸಿದ್ದು, ಶುಲ್ಕ ಕಟ್ಟಿದ್ದು, ನಕಲು ಸಿದ್ಧವಾದದ್ದು, ಕೊಟ್ಟದ್ದು. ನನ್ನ ಕಣ್ಣಿಗೆ ಇಡೀ ನಕಲಿನಲ್ಲಿ ಮುಖ್ಯವಾದ ಜಾಗ ಅದೇ. ಕಾಲಮಿತಿ ಕಾಯ್ದೆಯ ಕಲಂ 12ರ ಪ್ರಕಾರ ನಕಲು ತಯಾರಾಗಲು ಬೇಕಾದ ಸಮಯವನ್ನು ಅಪೀಲಿನ ಅವಧಿಯಿಂದ ಕಳೆಯುತ್ತಾರೆ. ಜಿಲ್ಲಾ ಮಟ್ಟದ ಕೋರ್ಟಿಗೆ ಸಿವಿಲ್ ಅಪೀಲಾದರೆ 30 ದಿನ, ಹೈಕೋರ್ಟಿಗಾದರೆ 90. ಆದರೆ ನೀವು ತಡ ಮಾಡಿದ್ದನ್ನು ಕಳೆಯುವುದಿಲ್ಲ. ಶುಲ್ಕ ಪ್ರಕಟಿಸಿದ ಮೇಲೆ ನೀವು ಕಟ್ಟಲು ಎರಡು ವಾರ ಬಿಟ್ಟು ಹೋದರೆ, ಸಿದ್ಧವಾದ ನಕಲು ಶಾಖೆಯಲ್ಲೇ ಕೂತಿದ್ದರೆ, ಆ ದಿನಗಳು ನಿಮ್ಮ ತಲೆಗೆ. ಗಡುವಿನೊಳಗೆ ಶುಲ್ಕ ಕಟ್ಟದಿದ್ದರೆ ಅರ್ಜಿಯೇ ವಜಾ ಆಗುತ್ತದೆ. ಶುಲ್ಕದ ಪಟ್ಟಿ ನೋಟಿಸ್ ಬೋರ್ಡಿನಲ್ಲಿ ಹಾಕುತ್ತಾರೆ, ಯಾರೂ ಫೋನ್ ಮಾಡಿ ಕರೆಯುವುದಿಲ್ಲ. ನಿಮ್ಮ ನಕಲಿನ ಮೇಲಿನ ದಿನಾಂಕ ವಕೀಲರಿಗೆ ತೋರಿಸಿ ಲೆಕ್ಕ ಹಾಕಿಸಿ. ಮೀರಿದ್ದರೂ ಸಕಾರಣ ಇದ್ದರೆ ವಿಳಂಬ ಮನ್ನಿಸಲು ಅರ್ಜಿ ಹಾಕಬಹುದು.

ಮಾಮೂಲು? ಸೊನ್ನೆ. ಬೇಗ ಬೇಕಾದರೆ ಅರ್ಜಿಯ ಮೇಲೆ ‘ಅರ್ಜೆಂಟ್’ ಅಂತ ಬರೆದು ಅದರ ಶುಲ್ಕ ಕಟ್ಟಿ, ರಸೀದಿ ತೆಗೆದುಕೊಳ್ಳಿ. ಇದಕ್ಕೂ ಮೀರಿ ಯಾರಾದರೂ ಕೈ ಚಾಚಿದರೆ, ಕಾಪಿ ಅರ್ಜಿಯ ನಂಬರ್, ದಿನಾಂಕ ಬರೆದು ಪ್ರಧಾನ ಜಿಲ್ಲಾ ನ್ಯಾಯಾಧೀಶರಿಗೆ ಪತ್ರ ಹಾಕಿ. ಜಿಲ್ಲೆಯ ಎಲ್ಲ ಕೋರ್ಟುಗಳ ಸಿಬ್ಬಂದಿ ಅವರ ಆಡಳಿತದಲ್ಲೇ ಇರುವುದು. ಠಾಣೆಯಲ್ಲಿ ಕೇಳಿದರೆ ಲೋಕಾಯುಕ್ತ. ವಕೀಲರನ್ನು ಇಡಲು ಶಕ್ತಿ ಇಲ್ಲದವರು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ, ಅಥವಾ ಕೋರ್ಟ್ ಆವರಣದಲ್ಲೇ ಇರುವ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ಕಾಪಿ ಅರ್ಜಿ ಬರೆಯಲು ಅವರೂ ನೆರವಾಗುತ್ತಾರೆ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಅಲ್ಲಿ ಆದಾಯ ಎಷ್ಟು ಅಂತ ಕೇಳುವ ಹಾಗಿಲ್ಲ.